ಶಾಲೆಯಲ್ಲಿ ಬೆಳೆದ ಗುರುಮಾತೆ: ಸಾವಿತ್ರಿಬಾಯಿ ಫುಲೆ

ಪುಣೆಯ ಬುಧವಾರ ಪೇಟೆಯಲ್ಲಿ ದಗಡೂಶೇಠ ಗಣಪತಿಯ ದೇವಾಲಯದ ಎದುರಿಗೆ ಭಿಡೆ ವಾಡಾ ಎಂಬ ಹಳೆಯ ಕಟ್ಟಡವೊಂದಿತ್ತು. ಪುಣೆಯಲ್ಲಿ ಉದ್ಯೋಗಕ್ಕಿರುವ ನಮ್ಮ ಕನ್ನಡ ಬಂಧುಗಳಲ್ಲಿ ಅನೇಕರು ಆ ಗಣಪತಿಗೆ ಕೈಮುಗಿಯಲು ಹೋದಾಗ ಅದರ ಮುಂದೆ ಹಾದು ಹೋಗಿರಬಹುದು. ಜೀರ್ಣವಾಗಿದ್ದ ಆ ಕಟ್ಟಡದ ಹಿರಿಮೆಯನ್ನು ಸಾರುವಂಥದು ಹೊರನೋಟಕ್ಕೆ ಏನೂ ಇರಲಿಲ್ಲ. 2023 ರ ಡಿಸೆಂಬರಿನಲ್ಲಿ ಅದನ್ನು ಕೆಡವಿ, ಸ್ಮಾರಕವೊಂದನ್ನು ಕಟ್ಟುವ ಸಲುವಾಗಿ ಸ್ಥಳವನ್ನು ತೆರವು ಮಾಡಲಾಯಿತು. 1848 ರಲ್ಲಿ ಈ ವಾಡೆಯಲ್ಲಿಯೇ ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯೊಂದು ಆರಂಭವಾಯಿತು. ಭಾರತೀಯರೇ ಸ್ವಂತ ಪ್ರಯತ್ನದಿಂದ ನಡೆಸಿದ ಕನ್ಯಾಶಾಲೆಗಳಲ್ಲಿ ಅದು ಮೊದಲಿನವುಗಳ ಸಾಲಿಗೆ ಸೇರಿದುದು. ಅಲ್ಲಿ ಪಾಠ ಹೇಳಲು ನಿಂತ ಶಿಕ್ಷಕಿಗೆ ಆಗ ಹದಿನೇಳು ವರ್ಷ. ಅವರೇ ಸಾವಿತ್ರಿಬಾಯಿ ಫುಲೆ.

ಶಾಲೆಯೆಂದರೆ ಮಕ್ಕಳು ಕಲಿಯುವ ಸ್ಥಳವೆಂದಷ್ಟೇ ನಾವೆಲ್ಲರೂ ಸಾಮಾನ್ಯವಾಗಿ ತಿಳಿಯುತ್ತೇವೆ. ಕಲಿಸುವವರೂ ಅಲ್ಲಿ ದಿನದಿನವೂ ಕಲಿಯುತ್ತಾರೆ, ಬೆಳೆಯುತ್ತಾರೆ ಎಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಾರದು. ಸಾವಿತ್ರಿಬಾಯಿಯವರ ಜೀವನವನ್ನು ಅವಲೋಕಿಸಿದಾಗ ಈ ಸಂಗತಿ ಬಲು ಸ್ಪಷ್ಟವಾಗಿ ಗೋಚರವಾಗುತ್ತದೆ. ಅಕ್ಷರ ಕಲಿಸಲು ಹೋದ ಆ ತರುಣಿಗೆ ಶಾಲೆಯು ಲೋಕವನ್ನೇ ಕಲಿಸಿತು. ಮುಂದೆ ಅವರು ಮಾಡಿದ ಎಲ್ಲ ಸಮಾಜಕಾರ್ಯಗಳ ಬೇರು ಆ ಪುಟ್ಟ ತರಗತಿಯ ನೆಲದಲ್ಲಿಯೇ ಇದೆ. ಆದುದರಿಂದ ಅವರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಸಾತಾರಾ ಜಿಲ್ಲೆಯ ನಾಯಗಾಂವ್ ಎಂಬ ಹಳ್ಳಿಯಲ್ಲಿ 1831 ರ ಜನವರಿ 3 ರಂದು ಸಾವಿತ್ರಿಬಾಯಿ ಜನಿಸಿದರು. ತಂದೆ ಖಂಡೋಜಿ ನೇವಸೆ ಪಾಟೀಲರು, ತಾಯಿ ಲಕ್ಷ್ಮೀಬಾಯಿ. ಹೂವು, ತರಕಾರಿಗಳನ್ನು ಬೆಳೆದು ಬದುಕುವ ಮಾಳಿ ಕುಲದವರು. ಹೆಣ್ಣುಮಗುವಿಗೆ ಅಕ್ಷರವೇಕೆಂದು ಕೇಳುತ್ತಿದ್ದ ಕಾಲವದು. ಓದಿದ ಹೆಣ್ಣಿನಿಂದ ಮನೆತನಕ್ಕೆ ಕೇಡು ಬರುವುದೆಂಬ ಮೂಢನಂಬಿಕೆಯೂ ಜನರಲ್ಲಿ ಬಲವಾಗಿತ್ತು. 1840 ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಆ ಬಾಲಿಕೆಯ ವಿವಾಹವು ಪುಣೆಯ ಜೋತಿರಾವ್ ಫುಲೆ ಎಂಬ ಹದಿಮೂರು ವರ್ಷದ ಬಾಲಕನೊಡನೆ ನೆರವೇರಿತು. ತವರಿನಿಂದ ಹೊರಟಾಗ ಆಕೆಗೆ ಒಂದಕ್ಷರವೂ ಬಾರದು. ಇಂದಿನ ಲೆಕ್ಕದಲ್ಲಿ ಮಕ್ಕಳು ನಾಲ್ಕನೆಯ ತರಗತಿಯಲ್ಲಿ ಕುಳಿತಿರುವ ವಯಸ್ಸು!

ಗಂಡನ ಮನೆಯೇ ಆಕೆಯ ಮೊದಲ ಪಾಠಶಾಲೆಯಾಯಿತು. ಜೋತಿರಾಯರು ಎಳೆಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಅವರನ್ನು ಸಾಕಿ ಸಲಹಿದವರು ಬಂಧುವಾದ ಸಗುಣಾಬಾಯಿ ಎಂಬ ವಿಧವೆ. ಸಗುಣಾಬಾಯಿಯವರು ಮಿಶನರಿಯೊಬ್ಬರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದು, ವಿದ್ಯೆಯ ಬೆಲೆಯನ್ನು ಕಣ್ಣಾರೆ ಕಂಡಿದ್ದರು. ಜೋತಿರಾಯರು ಸ್ಕಾಟಿಷ್ ಮಿಶನ್ನಿನ ಶಾಲೆಯಲ್ಲಿ ಓದುತ್ತಿದ್ದರು. ತಾವು ಕಲಿತುದನ್ನು ಪತ್ನಿಗೂ ಸಗುಣಾಬಾಯಿಯವರಿಗೂ ಒಟ್ಟಿಗೆ ಕಲಿಸತೊಡಗಿದರು. ಮಧ್ಯವಯಸ್ಸಿನ ಹೆಂಗಸೊಬ್ಬರು, ಎಳೆಯ ಸೊಸೆಯೊಬ್ಬಳು. ಇಬ್ಬರೂ ಮನೆಗೆಲಸದ ನಡುವೆ ಬಿಡುವು ಮಾಡಿಕೊಂಡು ಅಕ್ಷರಗಳನ್ನು ತಿದ್ದಿದರು. ಕಲಿಕೆಗೆ ಇಂತಹುದೇ ವಯಸ್ಸೆಂಬುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನವುಂಟೆ?

ತಾನು ಓದಲು ಬಲ್ಲೆನೆಂಬುದು ಒಂದು. ಪರರಿಗೆ ಓದಿಸಲು ಬಲ್ಲೆನೆಂಬುದು ಬೇರೊಂದು. ಇದನ್ನು ಅರಿತಿದ್ದ ಸಾವಿತ್ರಿಬಾಯಿಯವರು ಬೋಧನಕ್ರಮವನ್ನೂ ಕ್ರಮವಾಗಿ ಅಭ್ಯಾಸ ಮಾಡಿದರು. ಅಹಮದನಗರದಲ್ಲಿ ಮಿಸ್ ಫರಾರ್ ಎಂಬ ಅಮೇರಿಕದ ಮಹಿಳೆಯು ನಡೆಸುತ್ತಿದ್ದ ಸಂಸ್ಥೆಯಲ್ಲಿಯೂ, ಪುಣೆಯಲ್ಲಿ ಶ್ರೀಮತಿ ಮಿಚೆಲ್ ಅವರ ನಾರ್ಮಲ್ ಶಾಲೆಯಲ್ಲಿಯೂ ಅವರು ಶಿಕ್ಷಕಿಯ ತರಬೇತಿಯನ್ನು ಪಡೆದರು. ಹಳ್ಳಿಯಿಂದ ಬಂದ ಸೊಸೆಯು ಪರದೇಶದ ಹೆಂಗಸರ ಮುಂದೆ ಕುಳಿತು ಪಾಠ ಒಪ್ಪಿಸುವುದು ಆ ಕಾಲದಲ್ಲಿ ಎಂತಹ ಹೊಸ ಅನುಭವವಾಗಿದ್ದಿರಬೇಕು!

ಶಾಲೆಯ ದಾರಿಯಲ್ಲಿ ಕೆಸರು

1848 ರಲ್ಲಿ ಭಿಡೆಯವರ ವಾಡೆಯಲ್ಲಿ ಶಾಲೆ ತೆರೆದಾಗ ಬಂದ ಹುಡುಗಿಯರು ಬೆರಳೆಣಿಕೆಯಷ್ಟು ಮಾತ್ರ. ತಾತ್ಯಾಸಾಹೇಬ ಭಿಡೆಯವರು ಸ್ಥಳ ಕೊಟ್ಟರು. ಊರು ಮಾತ್ರ ಆ ಔದಾರ್ಯವನ್ನು ತೋರಲಿಲ್ಲ. ಸಾವಿತ್ರಿಬಾಯಿಯವರು ಶಾಲೆಗೆ ನಡೆದು ಹೋಗುವ ಬೀದಿಯಲ್ಲಿ ಕಾದು ನಿಂತು ಬೈಯುವವರು ಕೆಲವರು. ಕೆಸರನ್ನೂ ಸಗಣಿಯನ್ನೂ ಎಸೆಯುವವರು ಹಲವರು. ಅದಕ್ಕೆ ಅವರು ಕಂಡುಕೊಂಡ ಉಪಾಯವು ಅತ್ಯಂತ ಸರಳವಾದುದು. ಚೀಲದಲ್ಲಿ ಇನ್ನೊಂದು ಸೀರೆಯನ್ನು ಇಟ್ಟುಕೊಂಡು ಹೋಗುವುದು. ಶಾಲೆಗೆ ಮುಟ್ಟಿದೊಡನೆ ಮಲಿನವಾದುದನ್ನು ಬಿಟ್ಟು ಶುಭ್ರವಾದುದನ್ನು ಉಟ್ಟು ಪಾಠಕ್ಕೆ ನಿಲ್ಲುವುದು. ಸಂಜೆ ಮರಳುವಾಗ ಮತ್ತೆ ಆ ಕೊಳೆಯಾದ ಸೀರೆಯನ್ನೇ ಉಡುವುದು. ಬೀದಿಯ ಕೊಳೆಯು ತರಗತಿಯ ಹೊಸ್ತಿಲನ್ನು ದಾಟದಂತೆ ಅವರು ಹೀಗೆ ನೋಡಿಕೊಂಡರು. ಮಕ್ಕಳ ಮುಂದೆ ಕಣ್ಣೀರಾಗಲಿ ಕೋಪವಾಗಲಿ ಸುಳಿಯಲಿಲ್ಲ.

ಬೀದಿಯವರ ಕಾಟವನ್ನು ಸಹಿಸಬಹುದು. ಮನೆಯವರ ವಿರೋಧವನ್ನು ಸಹಿಸುವುದು ಕಷ್ಟ. ಜಾತಿಯವರ ನಿಂದೆಗೆ ಅಂಜಿದ ಮಾವ ಗೋವಿಂದರಾಯರು, ಶಾಲೆಯನ್ನು ಬಿಡಿ, ಇಲ್ಲವೆ ಮನೆಯನ್ನು ಬಿಡಿ ಎಂದು ಮಗ ಸೊಸೆಯರಿಗೆ ತಿಳಿಸಿದರು. 1849 ರಲ್ಲಿ ಆ ದಂಪತಿಗಳು ಮನೆಯನ್ನೇ ಬಿಟ್ಟರು. ಆಗ ಅವರಿಗೆ ಆಶ್ರಯವಿತ್ತವರು ಗೆಳೆಯರಾದ ಉಸ್ಮಾನ್ ಶೇಖರು. ಊರು ಬಿಟ್ಟು ಪರಸ್ಥಳದಲ್ಲಿ ಒಂದು ಕೋಣೆಗಾಗಿ ಅಲೆದವರಿಗೆ ಆ ಉಪಕಾರದ ತೂಕವನ್ನು ನಾವು ವಿವರಿಸಿ ಹೇಳಬೇಕಾಗಿಲ್ಲ. ಫಾತಿಮಾ ಎಂಬ ಮುಸ್ಲಿಂ ಮಹಿಳೆಯು ಶಾಲೆಯ ಕೆಲಸದಲ್ಲಿ ಸಾವಿತ್ರಿಬಾಯಿಯವರಿಗೆ ಜೊತೆಗಾತಿಯಾದಳು. 1856 ರಲ್ಲಿ ಕಾಯಿಲೆಯಿಂದ ತವರಿನಲ್ಲಿದ್ದಾಗ ಪತಿಗೆ ಬರೆದ ಪತ್ರದಲ್ಲಿ ಸಾವಿತ್ರಿಬಾಯಿಯವರು, ತಾವಿಲ್ಲದಿರುವಾಗ ಫಾತಿಮಾಳ ಮೇಲೆ ಭಾರ ಬಿದ್ದಿರುವುದನ್ನು ನೆನೆದು ಮರುಗಿದ್ದಾರೆ. ಅದೇ ಪತ್ರದಲ್ಲಿ, ತಮ್ಮ ಕಾರ್ಯವನ್ನು ಹಳಿದ ಸ್ವಂತ ಸಹೋದರನಿಗೆ ವಿದ್ಯೆಯ ಮಹತ್ವವನ್ನು ತಿಳಿಯಹೇಳಿದ ಬಗೆಯನ್ನೂ ವಿವರಿಸಿದ್ದಾರೆ. ಮಕ್ಕಳಿಗೆ ಪಾಠ ಹೇಳುತ್ತ ಬಂದ ತಾಳ್ಮೆಯು ಹಿರಿಯರಿಗೆ ಬುದ್ಧಿ ಹೇಳುವಾಗಲೂ ಅವರ ಕೈಬಿಡಲಿಲ್ಲ.

ತರಗತಿಯು ಕಲಿಸಿದ ಪಾಠಗಳು

ವಿರೋಧದ ನಡುವೆಯೇ ಶಾಲೆ ಬೆಳೆಯಿತು. 1851 ರ ಅಂತ್ಯದ ವೇಳೆಗೆ ಪುಣೆಯಲ್ಲಿ ಫುಲೆ ದಂಪತಿಗಳ ಆಶ್ರಯದಲ್ಲಿ ಮೂರು ಕನ್ಯಾಶಾಲೆಗಳು ನಡೆಯುತ್ತಿದ್ದು, ಸುಮಾರು 150 ಹುಡುಗಿಯರು ಕಲಿಯುತ್ತಿದ್ದರು. ಅಸ್ಪೃಶ್ಯರೆನಿಸಿದ್ದ ಮಹಾರ್ ಮತ್ತು ಮಾಂಗ್ ಜನರ ಮಕ್ಕಳಿಗಾಗಿಯೂ ಶಾಲೆಗಳು ತೆರೆದುವು. ಓದು, ಬರಹ, ಲೆಕ್ಕಗಳ ಜೊತೆಗೆ ವ್ಯಾಕರಣ, ಭೂಗೋಳ, ಮರಾಠರ ಇತಿಹಾಸ ಇವೆಲ್ಲವೂ ಪಾಠಕ್ರಮದಲ್ಲಿದ್ದುವು. ಮನೆಯ ಅಂಗಳವನ್ನು ಬಿಟ್ಟು ಬೇರೇನನ್ನೂ ಕಾಣದ ಬಾಲಿಕೆಯು ಭೂಪಟದ ಮುಂದೆ ನಿಂತು ನದಿ, ಪರ್ವತ, ದೇಶಗಳ ಹೆಸರು ಹೇಳುವುದೆಂದರೆ ಆ ಮಗುವಿನ ಜಗತ್ತು ಒಂದೇ ದಿನದಲ್ಲಿ ಎಷ್ಟು ವಿಸ್ತಾರವಾಗಿರಬೇಕು! 1853 ರ ಫೆಬ್ರವರಿಯಲ್ಲಿ ಈ ಶಾಲೆಗಳ ಬಾಲಿಕೆಯರ ಬಹಿರಂಗ ಪರೀಕ್ಷೆ ನಡೆದಾಗ 200 ಕ್ಕೂ ಹೆಚ್ಚು ಮಂದಿ ಹುಡುಗಿಯರು ಪರೀಕ್ಷೆಗೆ ಕುಳಿತರು. ಅದನ್ನು ನೋಡಲು ಪುಣೆಯ ಜನರು ಕಿಕ್ಕಿರಿದು ಬಂದರು. ಐದು ವರ್ಷಗಳ ಹಿಂದೆ ಕೆಸರೆಸೆದ ಊರೇ ಈಗ ಹುಡುಗಿಯರ ಉತ್ತರಗಳನ್ನು ಕೇಳಲು ನೆರೆದುದು ಸಾಮಾನ್ಯ ಸಂಗತಿಯಲ್ಲ.

ಆದರೆ ತರಗತಿಯಲ್ಲಿ ಬರಿದಾದ ಜಾಗಗಳೂ ಶಿಕ್ಷಕಿಗೆ ಪಾಠ ಹೇಳುತ್ತಿದ್ದುವು. ಹಸಿದ ಮಗುವು ಶಾಲೆಗೆ ಬಾರದು, ಬಂದರೂ ನಿಲ್ಲದು. ಮಕ್ಕಳು ನಡುವೆ ಬಿಟ್ಟು ಹೋಗದಂತೆ ಅವರಿಗೆ ಅಲ್ಪ ವೇತನ ಕೊಡುವ ಪದ್ಧತಿಯನ್ನು ಇರಿಸಿದ್ದರೆಂದು ಸಾವಿತ್ರಿಬಾಯಿಯವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮನೆಯಲ್ಲಿ ತಂದೆ ತಾಯಿಗಳು ನಿರಕ್ಷರಿಗಳಾಗಿದ್ದರೆ ಮಗುವಿನ ಕಲಿಕೆಗೆ ಆಸರೆಯಿಲ್ಲವೆಂಬುದು ಎರಡನೆಯ ಪಾಠ. 1855 ರಲ್ಲಿ ಫುಲೆ ದಂಪತಿಗಳು ರೈತರಿಗೂ ಕೂಲಿಕಾರರಿಗೂ ರಾತ್ರಿ ಶಾಲೆಯೊಂದನ್ನು ತೆರೆದರು. ಹಗಲೆಲ್ಲ ದುಡಿದು ದಣಿದವರು ದೀಪದ ಬೆಳಕಿನಲ್ಲಿ ಅಕ್ಷರ ತಿದ್ದತೊಡಗಿದರು.

ಅದೇ 1855 ರಲ್ಲಿ ಇನ್ನೊಂದು ವಿಶೇಷವು ಜರುಗಿತು. ಈ ಶಾಲೆಯಲ್ಲಿ ಕಲಿತ, ಮಾಂಗ್ ಜಾತಿಯ ಮುಕ್ತಾ ಸಾಳವೆ ಎಂಬ ಎಳೆಯ ಹುಡುಗಿಯು ತನ್ನ ಜನರ ದುಃಖವನ್ನು ಕುರಿತು ಪ್ರಬಂಧವೊಂದನ್ನು ಬರೆದಳು. ಜ್ಞಾನೋದಯವೆಂಬ ಮರಾಠಿ ಪತ್ರಿಕೆಯು ಅದನ್ನು ಪ್ರಕಟಿಸಿತು. ಗ್ರಂಥಗಳನ್ನು ಮುಟ್ಟಲೂ ಅಧಿಕಾರವಿಲ್ಲದ ತನ್ನ ಜನರಿಗೆ ಧರ್ಮವಾವುದು ಎಂದು ಆ ಬಾಲಿಕೆಯು ಅದರಲ್ಲಿ ದಿಟ್ಟತನದಿಂದ ಪ್ರಶ್ನಿಸಿದಳು. ಅಕ್ಷರ ಕಲಿಸಿದವರಿಗೆ ಇದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಇನ್ನಾವುದು? ಅದಕ್ಕೂ ಒಂದು ವರ್ಷ ಮೊದಲು, 1854 ರಲ್ಲಿ, ಸಾವಿತ್ರಿಬಾಯಿಯವರು ತಾವೇ ಕಾವ್ಯಫುಲೆ ಎಂಬ ಕವಿತಾಸಂಗ್ರಹವನ್ನು ಪ್ರಕಟಿಸಿದ್ದರು. ಹದಿನಾಲ್ಕು ವರ್ಷಗಳ ಹಿಂದೆ ಅಕ್ಷರವನ್ನೇ ಅರಿಯದಿದ್ದ ಬಾಲಿಕೆಯು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಗ್ರಂಥಕರ್ತ್ರಿಯಾದರು.

ಶಾಲೆ ಮುಚ್ಚಿದರೂ ಕಲಿಕೆ ನಿಲ್ಲಲಿಲ್ಲ

ಸುದಿನಗಳು ಬಹುಕಾಲ ಉಳಿಯಲಿಲ್ಲ. 1857 ರ ದಂಗೆಯ ತರುವಾಯ ಐರೋಪ್ಯರಿಂದ ಬರುತ್ತಿದ್ದ ದಾನವು ಬತ್ತಿಹೋಯಿತು; ಸರಕಾರದ ನೆರವೂ ತಪ್ಪಿತು. ಪಾಠಕ್ರಮದ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟಾಗಿ ಜೋತಿರಾಯರು ಆಡಳಿತ ಮಂಡಳಿಯಿಂದ ಹೊರಬಂದರು. 1858 ರ ಹೊತ್ತಿಗೆ ಆ ಮೂರು ಕನ್ಯಾಶಾಲೆಗಳು ಮುಚ್ಚಿದುವು. ಹತ್ತು ವರ್ಷಗಳ ಶ್ರಮವು ಕಣ್ಣೆದುರಿಗೇ ಕುಸಿದಾಗ ಬೇರೆಯವರಾಗಿದ್ದರೆ ಕೈಚೆಲ್ಲಿ ಕುಳಿತುಬಿಡುತ್ತಿದ್ದರು. ಸಾವಿತ್ರಿಬಾಯಿಯವರಾದರೋ ಶಾಲೆಯಲ್ಲಿ ತಾವು ಕಂಡುದನ್ನು ಮರೆಯಲಿಲ್ಲ.

ಬಾಲ್ಯದಲ್ಲಿಯೇ ಮದುವೆಯಾಗಿ, ಬಾಲ್ಯದಲ್ಲಿಯೇ ವಿಧವೆಯಾಗುವ ಹೆಣ್ಣುಮಕ್ಕಳ ಪಾಡನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಮೋಸಹೋಗಿ ಗರ್ಭಿಣಿಯರಾದ ವಿಧವೆಯರು ತಮ್ಮನ್ನೂ ಹಸುಗೂಸನ್ನೂ ಕೊಂದುಕೊಳ್ಳುವುದನ್ನು ತಪ್ಪಿಸಲು 1863 ರಲ್ಲಿ ತಮ್ಮ ಮನೆಯಲ್ಲಿಯೇ ಆಶ್ರಯಗೃಹವನ್ನು ತೆರೆದರು. 1874 ರಲ್ಲಿ ಬ್ರಾಹ್ಮಣ ವಿಧವೆಯೊಬ್ಬಳ ಮಗುವನ್ನು ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟು ಸಾಕಿದರು. ಸ್ವಂತ ಮಕ್ಕಳಿಲ್ಲದ ಆ ದಂಪತಿಗಳ ಈ ಮಗನು ಮುಂದೆ ವೈದ್ಯನಾದನು. 1868 ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದಿಟ್ಟರು. ಒಂದೇ ಕೋಣೆಯಲ್ಲಿ ಕುಳಿತು ಅಕ್ಷರ ಕಲಿಯಬಹುದಾದರೆ ಒಂದೇ ಹೌದಿನ ನೀರನ್ನು ಏಕೆ ಕುಡಿಯಬಾರದು?

ಅದೇ ವರ್ಷ ತವರಿನಿಂದ ಬರೆದ ಇನ್ನೊಂದು ಪತ್ರದಲ್ಲಿ ಒಂದು ರೋಮಾಂಚಕಾರಿ ಘಟನೆಯ ವಿವರವಿದೆ. ಬ್ರಾಹ್ಮಣ ತರುಣನೊಬ್ಬನೂ ಮಹಾರ್ ಕನ್ಯೆಯೊಬ್ಬಳೂ ಪ್ರೀತಿಸಿದರೆಂಬ ಕಾರಣಕ್ಕೆ ಹಳ್ಳಿಯ ಜನರು ಅವರಿಬ್ಬರನ್ನೂ ಕೊಲ್ಲಲು ಎಳೆದೊಯ್ಯುತ್ತಿದ್ದರು. ಸಾವಿತ್ರಿಬಾಯಿಯವರು ಆ ಗುಂಪಿನ ನಡುವೆ ನುಗ್ಗಿ, ಕೊಂದರೆ ಸರಕಾರದ ಶಿಕ್ಷೆ ತಪ್ಪದೆಂದು ಎಚ್ಚರಿಸಿ ಇಬ್ಬರ ಪ್ರಾಣವನ್ನೂ ಉಳಿಸಿದರು. ಕೆಸರು ತಾಗಿದ ಸೀರೆಯಲ್ಲಿ ತಲೆ ತಗ್ಗಿಸದೆ ನಡೆದು ರೂಢಿಸಿಕೊಂಡ ಧೈರ್ಯವು ಇಪ್ಪತ್ತು ವರ್ಷಗಳ ಬಳಿಕ ಎರಡು ಜೀವಗಳನ್ನು ಕಾಪಾಡಿತು.

1873 ರಲ್ಲಿ ಜೋತಿರಾಯರು ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದರು. ಮುಂದೆ ಮೂರು ವರ್ಷಗಳಲ್ಲಿ ಘೋರ ಕ್ಷಾಮವು ತಲೆದೋರಿತು. ಆಗ ಸಾವಿತ್ರಿಬಾಯಿಯವರು ಹಳ್ಳಿಹಳ್ಳಿಗಳಲ್ಲಿ ತಿರುಗಿ ಅನ್ನದಾನದ ಏರ್ಪಾಡು ಮಾಡಿದರು. 1877 ರಲ್ಲಿ ಜುನ್ನರ ಪ್ರಾಂತದಿಂದ ಬರೆದ ಪತ್ರದಲ್ಲಿ ಜನರ ಹಸಿವನ್ನೂ, ಸಾಹುಕಾರರ ಸುಲಿಗೆಯನ್ನೂ, ಬಂಧಿತರಾದ ಸಮಾಜದ ಕಾರ್ಯಕರ್ತರನ್ನು ಬಿಡಿಸಲು ತಾವು ಕಲೆಕ್ಟರರ ಮುಂದೆ ನಿಂತು ವಾದಿಸಿದುದನ್ನೂ ತಿಳಿಸಿದ್ದಾರೆ. ನಾಯಗಾಂವಿನ ನಿರಕ್ಷರ ಬಾಲಿಕೆಯು ಕಲೆಕ್ಟರರೊಡನೆ ನ್ಯಾಯ ಕೇಳುವಷ್ಟು ಬೆಳೆದುದನ್ನು ಇಲ್ಲಿ ಕಾಣುತ್ತೇವೆ.

ಕೊನೆಯ ದಿನಗಳು

1890 ರ ನವೆಂಬರ್ 28 ರಂದು ಜೋತಿರಾಯರು ನಿಧನರಾದರು. ಅಂತ್ಯಕ್ರಿಯೆಯ ಹಕ್ಕಿನ ಬಗೆಗೆ ಬಂಧುಗಳಲ್ಲಿ ತಕರಾರೆದ್ದಾಗ, ಸಾವಿತ್ರಿಬಾಯಿಯವರು ತಾವೇ ಬೆಂಕಿಯ ಮಡಕೆಯನ್ನು ಹಿಡಿದು ಶವಯಾತ್ರೆಯ ಮುಂದೆ ನಡೆದರು. ಹೆಂಗಸೊಬ್ಬಳು ಹಾಗೆ ಮಾಡಿದುದನ್ನು ಪುಣೆಯ ಜನರು ಹಿಂದೆ ಕಂಡಿರಲಿಲ್ಲ. ಪತಿಯ ಕಾರ್ಯಭಾರವೂ ಅವರ ಹೆಗಲಿಗೇ ಬಂದಿತು. 1893 ರಲ್ಲಿ ಸಾಸವಡದಲ್ಲಿ ನೆರೆದ ಸತ್ಯಶೋಧಕ ಸಮಾಜದ ಸಭೆಗೆ ಅವರೇ ಅಧ್ಯಕ್ಷೆಯಾಗಿದ್ದರು.

1897 ರಲ್ಲಿ ಪುಣೆಯನ್ನು ಪ್ಲೇಗು ಆವರಿಸಿತು. ಜನರು ಊರು ಬಿಟ್ಟು ಓಡುತ್ತಿದ್ದರು. ವೈದ್ಯನಾಗಿದ್ದ ಯಶವಂತನು ಊರ ಹೊರಗೆ ಚಿಕಿತ್ಸಾಲಯವನ್ನು ತೆರೆದನು. ಅರವತ್ತಾರು ವರ್ಷದ ತಾಯಿಯು ರೋಗಿಗಳನ್ನು ಹುಡುಕಿ ಅಲ್ಲಿಗೆ ಕರೆತರುವ ಕೆಲಸಕ್ಕೆ ನಿಂತರು. ಮುಂಢ್ವಾ ಗ್ರಾಮದ ಹೊರಗಿನ ಮಹಾರರ ಕೇರಿಯಲ್ಲಿ ಬಾಲಕನೊಬ್ಬನು ಪ್ಲೇಗಿನಿಂದ ನರಳುತ್ತಿರುವನೆಂದು ತಿಳಿದೊಡನೆ ಅಲ್ಲಿಗೆ ಹೋಗಿ, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಬಾಲಕನು ಬದುಕಿದನು. ಸೋಂಕು ತಗುಲಿದ ಸಾವಿತ್ರಿಬಾಯಿಯವರು 1897 ರ ಮಾರ್ಚ್ 10 ರಂದು ಇಹಲೋಕವನ್ನು ತ್ಯಜಿಸಿದರು. ಮಕ್ಕಳಿಗಾಗಿ ಆರಂಭವಾದ ಅವರ ಸಾರ್ವಜನಿಕ ಜೀವನವು ಒಂದು ಮಗುವನ್ನು ಉಳಿಸುವುದರಲ್ಲಿಯೇ ಮುಗಿಯಿತು.

ನಮಗೆ ಇದರಿಂದ ಏನು?

1998 ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 2014 ರಲ್ಲಿ ಪುಣೆಯ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಯಿತು. ಕಾಲೇಜನ್ನು ಕಾಣದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರ ಹೆಸರಿನಲ್ಲಿ ಇಂದು ಸಾವಿರಾರು ತರುಣರು ಪದವಿ ಪಡೆಯುತ್ತಿದ್ದಾರೆ. ಸಂತೋಷದ ವಿಷಯ. ಆದರೆ ಹೆಸರಿಡುವುದರಿಂದಲೇ ಋಣ ತೀರುವುದಿಲ್ಲ.

ನಮ್ಮ ವಾಚಕರಲ್ಲಿ ಬಹುಮಂದಿ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವವರು. ಅವರ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಮರಾಠಿ, ತಮಿಳು, ತೆಲುಗು ಇಲ್ಲವೆ ಹಿಂದಿಯನ್ನು ಕೇಳುತ್ತವೆ. ಮೊದಲ ದಿನ ಅಂತಹ ತರಗತಿಯಲ್ಲಿ ಕುಳಿತ ಮಗುವಿಗೆ ಎಲ್ಲವೂ ಹೊಸತು; ಭಯವೂ ಸಹಜ. ಆ ಸಮಯದಲ್ಲಿ ತಂದೆ ತಾಯಿಗಳು ನಮಗೆ ಆ ಭಾಷೆ ಬಾರದೆಂದು ಸಂಕೋಚಪಟ್ಟು ಶಾಲೆಯ ಬಾಗಿಲಿನಿಂದ ದೂರ ಉಳಿಯುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ದೂರ ಉಳಿಯಬೇಡಿ. ಒಳಗೆ ಹೋಗಿ ಶಿಕ್ಷಕರನ್ನು ಕಾಣಿರಿ. ಮಗುವಿನಿಂದಲೇ ಆ ಭಾಷೆಯ ನಾಲ್ಕಕ್ಷರವನ್ನು ಕಲಿಯಿರಿ. ಸಗುಣಾಬಾಯಿಯವರು ತಾವು ಸಾಕಿದ ಮಗುವಿನಿಂದಲೇ ಪಾಠ ಹೇಳಿಸಿಕೊಳ್ಳಲು ನಾಚಲಿಲ್ಲ.

ಹೋಟೆಲಿನ ಮಾಲಿಕರಿಗೂ ಒಂದು ಮಾತು. ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕಿಡುವುದು ಕಾನೂನಿನಿಂದ ನಿಷಿದ್ಧ. ಅವರ ಸ್ಥಾನ ಶಾಲೆಯೇ. ಆದರೆ ಓದನ್ನು ನಡುವೆ ಬಿಟ್ಟು ಊರಿನಿಂದ ಬಂದ ತರುಣರು ನಮ್ಮ ಅಡಿಗೆಮನೆಗಳಲ್ಲಿ ಇಂದಿಗೂ ಇದ್ದಾರೆ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಗುಮಾಸ್ತರೂ ವಕೀಲರೂ ಉದ್ಯಮಿಗಳೂ ಆದವರು ಇಂತಹ ಹುಡುಗರೇ. ಗಲ್ಲೆಯ ಮೇಲೆ ಕುಳಿತು ದಿನಗಳೆದ ನಾವು ಅನುಭವದಿಂದ ಹೇಳುತ್ತೇವೆ: ಸಂಜೆ ಎರಡು ಗಂಟೆ ಒಬ್ಬ ಹುಡುಗನನ್ನು ಓದಲು ಕಳುಹಿಸಿದರೆ ವ್ಯಾಪಾರವು ಮುಳುಗುವುದಿಲ್ಲ, ಆ ಹುಡುಗನ ಬಾಳು ಮಾತ್ರ ತೇಲುತ್ತದೆ. ಲೆಕ್ಕ ಬಲ್ಲ, ನಾಲ್ಕು ಭಾಷೆ ಓದಬಲ್ಲ ಕೆಲಸಗಾರನಿಂದ ಮಾಲಿಕನಿಗೂ ಲಾಭವೇ.

ಜನವರಿ 3 ಸಾವಿತ್ರಿಬಾಯಿಯವರ ಜನ್ಮದಿನ. ಅಂದು ಹಾರ ಹಾಕುವವರು ಹಾಕಲಿ. ನಮ್ಮ ಓದುಗರು ತಮ್ಮ ಮನೆಯಲ್ಲಿ, ತಮ್ಮ ಹೋಟೆಲಿನಲ್ಲಿ, ಅಕ್ಷರ ಬಾರದ ಒಬ್ಬರನ್ನು ಗುರುತಿಸಿ ಸ್ಲೇಟನ್ನು ಕೈಗಿಡಲಿ. ಕಲಿಯುವವರೊಡನೆ ಕಲಿಸುವವರೂ ಬೆಳೆಯುವರೆಂಬುದನ್ನು ಅಂದೇ ಕಾಣುವಿರಿ.